ಮೂಲ ಬರವಣಿಗೆಯ ಋಣ

ಹನೂರು ತಾಲ್ಲೂಕಿನ ಗಡಿಗ್ರಾಮವಾದ ಗೋಪಿನಾಥಂನ ರೈತನೊಬ್ಬನು ಕೊಳ್ಳೇಗಾಲದ ಅಂಗಡಿಯಲ್ಲಿ ಆಂಡ್ರಾಯ್ಡ್ ಮೊಬೈಲೊಂದನ್ನು ಕೊಂಡನೆಂದು ಭಾವಿಸೋಣ. ಆ ಯಂತ್ರದೊಡನೆ ಒಂದು ಹಕ್ಕೂ ಅವನ ಕೈಸೇರಿತೆಂಬುದನ್ನು ಮಾರಿದವನೂ ಅರಿಯನು, ಕೊಂಡವನೂ ಅರಿಯನು.

ಆಂಡ್ರಾಯ್ಡಿನ ತಿರುಳು ಲಿನಕ್ಸ್ ಕರ್ನೆಲ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸರು ಆರಂಭಿಸಿದ ಈ ತಂತ್ರಾಂಶವು ಜಿ.ಪಿ.ಎಲ್. ಎಂಬ ಪರವಾನಗಿಯ ಎರಡನೆಯ ಆವೃತ್ತಿಗೆ ಒಳಪಟ್ಟಿದೆ. ಅದನ್ನು ಯಾರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ತನ್ನಲ್ಲಿಯೇ ತಿದ್ದಿ ಬಳಸುವವನಿಗೆ ಯಾವ ಹೊರೆಯೂ ಇಲ್ಲ. ಪರರಿಗೆ ಹಂಚಿದೊಡನೆಯಾದರೋ, ತನ್ನ ತಿದ್ದುಪಡಿಗಳ ಸಹಿತ ಅದರ ಸೋರ್ಸ್ ಕೋಡನ್ನು, ಎಂದರೆ ಮನುಷ್ಯನು ಓದಿ ತಿದ್ದಬಲ್ಲ ಮೂಲ ಬರವಣಿಗೆಯನ್ನು, ಜೊತೆಯಲ್ಲಿ ಕೊಡತಕ್ಕದ್ದು. ಇಲ್ಲವೇ ಕನಿಷ್ಠ ಮೂರು ವರ್ಷ ಊರ್ಜಿತವಾಗಿರುವ ಲಿಖಿತ ವಾಗ್ದಾನವಿತ್ತು, ಕೇಳಿದವರಿಗೆ ನಕಲಿನ ವೆಚ್ಚವನ್ನು ಮೀರದ ಹಣಕ್ಕೆ ಒದಗಿಸತಕ್ಕದ್ದು. ಎಂ.ಐ.ಟಿ., ಅಪಾಚೆ ಮೊದಲಾದ ಪರವಾನಗಿಗಳಲ್ಲಿ ಈ ನಿರ್ಬಂಧವಿಲ್ಲ.

ಇದು ಬರಿಯ ಸದಾಶಯವೆಂದು ಬಗೆಯುವವರು ತಪ್ಪುತ್ತಾರೆ. ನಮ್ಮ 1957ರ ಕೃತಿಸ್ವಾಮ್ಯದ ಕಾಯಿದೆಯು ಕಂಪ್ಯೂಟರ್ ಪ್ರೋಗ್ರಾಂಗಳನ್ನು ಇಂದು ಸಾಹಿತ್ಯಕೃತಿಗಳ ಸಾಲಿನಲ್ಲಿಯೇ ಗಣಿಸುತ್ತದೆ. ಜರ್ಮನಿಯ ಮ್ಯೂನಿಕ್ ನ್ಯಾಯಾಲಯವು 2004ರಲ್ಲಿಯೇ ಜಿ.ಪಿ.ಎಲ್. ಕರಾರನ್ನು ಎತ್ತಿಹಿಡಿಯಿತು. 2021ರಲ್ಲಿ ಅಮೆರಿಕದ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿಯು ಟೆಲಿವಿಷನ್ ಕೊಂಡ ಗ್ರಾಹಕನ ನೆಲೆಯಿಂದಲೇ ವಿಜಿಯೋ ಕಂಪೆನಿಯ ಮೇಲೆ ದಾವೆ ಹೂಡಿತು.

ಹೊಲದಲ್ಲಿ ದುಡಿಯುವವನಿಗೆ ಇದರಿಂದೇನು ಪ್ರಯೋಜನವೆಂದು ಕೆಲವರು ಕೇಳಿಯಾರು. ಹಿಂದೆ ಶಾನುಭೋಗರ ಕಡತವನ್ನು ಎಲ್ಲ ರೈತರೂ ಓದಬಲ್ಲವರಾಗಿರಲಿಲ್ಲ; ಆದರೂ ಊರಿನಲ್ಲಿ ಓದಬಲ್ಲವನೊಬ್ಬನಿದ್ದು, ಕಡತವೂ ಅವನ ಕಣ್ಣಿಗೆ ಬಿದ್ದರೆ, ಎಲ್ಲರ ಜಮೀನಿಗೂ ರಕ್ಷೆಯಿತ್ತು. ಇಲ್ಲಿಯೂ ಹಾಗೆಯೇ. ಕಂಪೆನಿಯು ಹಳೆಯ ಮೊಬೈಲನ್ನು ಕೈಬಿಟ್ಟ ಮೇಲೆ, ಮೂಲ ಬರವಣಿಗೆ ದೊರೆತರೆ ನಮ್ಮ ತರುಣನೊಬ್ಬನು ಅದರ ದೋಷಗಳನ್ನು ತಿದ್ದಲು ತೊಡಗಬಹುದು. ದೊರೆಯದಿದ್ದರೆ ದುಡ್ಡು ತೆತ್ತವನು ಮತ್ತೆ ಅಂಗಡಿಯ ಮೆಟ್ಟಿಲು ಹತ್ತಬೇಕು.

ಕೇಂದ್ರ ಸರ್ಕಾರವು 2015ರಲ್ಲಿ ಓಪನ್ ಸೋರ್ಸ್ ತಂತ್ರಾಂಶಕ್ಕೆ ಪ್ರಾಶಸ್ತ್ಯವೀಯುವ ನೀತಿಯನ್ನು ಪ್ರಕಟಿಸಿತು. ನೀತಿಯು ಕಡತದಲ್ಲಿದ್ದರೆ ಸಾಲದು. ಶಾಲೆಗಳಿಗೂ ಕಚೇರಿಗಳಿಗೂ ಯಂತ್ರಗಳನ್ನು ಕೊಳ್ಳುವ ಅಧಿಕಾರಿಗಳು, ಪರವಾನಗಿಯಂತೆ ಸಲ್ಲಬೇಕಾದ ಮೂಲ ಬರವಣಿಗೆ ಕೈಸೇರಿದ ಹೊರತು ಬಿಲ್ಲನ್ನು ಮಂಜೂರು ಮಾಡಬಾರದು. ಟೆಂಡರಿನಲ್ಲಿಯೇ ಈ ಷರತ್ತನ್ನು ಬರೆಯಿಸಬೇಕು. ಊರಿನ ವಿದ್ಯಾವಂತರು ಕಂಪೆನಿಗಳಿಗೆ ಪತ್ರ ಬರೆದು ಕೇಳಬೇಕು. ಪರರ ದುಡಿಮೆಯನ್ನು ಬಿಟ್ಟಿಯಾಗಿ ಪಡೆದು ಲಾಭ ಗಳಿಸಿದವರು ಅದರ ಋಣವನ್ನು ತೀರಿಸಲೇಬೇಕು. ಸಾಲಗಾರನು ತಾನಾಗಿ ಬಾರದಿದ್ದಲ್ಲಿ ಕೇಳಿ ವಸೂಲು ಮಾಡುವುದು ನಮ್ಮ ಕರ್ತವ್ಯವಾಗಿದೆ.