ಕಲ್ಲು ನಿಲ್ಲಿಸಿದರೆ ಸಾಲದು

ಬೇಲೂರು, ಹಳೇಬೀಡು, ಗೆಂಡೆಹಳ್ಳಿಗಳ ಸೀಮೆಯಲ್ಲಿ ಸಂಚರಿಸುವಾಗ ಕೆರೆಯ ಏರಿಯ ಬದಿಯಲ್ಲೋ, ಹಳೆಯ ಗುಡಿಯ ಅಂಗಳದಲ್ಲೋ ಅರ್ಧ ಮಣ್ಣಿನಲ್ಲಿ ಹೂತ ವೀರಗಲ್ಲುಗಳು ನಮ್ಮ ಕಣ್ಣಿಗೆ ಬೀಳುತ್ತವೆ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಅಂಕಣಗಳಿರುತ್ತವೆ. ಕೆಳಗಿನ ಅಂಕಣದಲ್ಲಿ ವೀರನು ಕಾದಾಡುತ್ತಾನೆ. ನಡುವಿನದರಲ್ಲಿ ಸುರಸ್ತ್ರೀಯರು ಅವನನ್ನು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತಿರುತ್ತಾನೆ. ಇವರಲ್ಲಿ ಹೆಚ್ಚಿನವರು ಅರಸರಲ್ಲ, ದಂಡನಾಯಕರೂ ಅಲ್ಲ. ಊರಿನ ದನಕರುಗಳನ್ನು ಕಳ್ಳರಿಂದ ಬಿಡಿಸಲು ಹೋದವರು, ಹೆಣ್ಣುಮಕ್ಕಳ ಮಾನ ಕಾಯಲು ನಿಂತವರು, ಗಡಿಯ ಕಾಳಗದಲ್ಲಿ ಬಿದ್ದವರು. ಅಂದರೆ, ನಮ್ಮ ನಿಮ್ಮಂತಹ ಮನೆಗಳ ಮಕ್ಕಳು.

ಇಂದು ವೀರಗಲ್ಲಿನ ಸ್ಥಾನದಲ್ಲಿ ಸ್ಮಾರಕ ಉದ್ಯಾನಗಳು ಬಂದಿವೆ. ಗಡಿಯಲ್ಲಿ ಮಡಿದ ತರುಣನ ಹೆಸರಿನಲ್ಲಿ ಊರಿನವರು ಒಂದು ತುಂಡು ನೆಲವನ್ನು ಮೀಸಲಿಟ್ಟು, ಗಿಡ ನೆಟ್ಟು, ಪ್ರತಿಮೆಯನ್ನು ನಿಲ್ಲಿಸುವುದು ಒಳ್ಳೆಯ ಸಂಪ್ರದಾಯವೇ ಸರಿ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕ ಉದ್ಯಾನದಲ್ಲಿ 75 ಅಡಿ ಎತ್ತರದ ಏಕಶಿಲೆಯನ್ನು ವೀರಗಲ್ಲೆಂದೇ ಕರೆದು ನಿಲ್ಲಿಸಿರುವುದು ನಮ್ಮ ಹಳೆಯ ನೆನಪು ಇನ್ನೂ ಬತ್ತಿಲ್ಲವೆಂಬುದಕ್ಕೆ ಸಾಕ್ಷಿ. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಗೊಂಡ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಕೊರೆಯಲಾಗಿದೆ. ಆದರೆ ಕಲ್ಲನ್ನು ನಿಲ್ಲಿಸಿದೊಡನೆ ನಮ್ಮ ಋಣ ತೀರಿತೆ? ಈ ತಿಂಗಳು ನಾವು ಓದುಗ ಬಂಧುಗಳ ಮುಂದಿಡಬಯಸುವುದು ಈ ಪ್ರಶ್ನೆಯನ್ನು.

2016ರ ಫೆಬ್ರವರಿ ತಿಂಗಳನ್ನು ಕನ್ನಡನಾಡು ಮರೆಯಲಾರದು. ಆ ತಿಂಗಳ 3ರಂದು ಸಿಯಾಚಿನ್ ಹಿಮನದಿಯ ಮೇಲೆ, ಸುಮಾರು 19,600 ಅಡಿ ಎತ್ತರದ ಕಾವಲು ಠಾಣೆಯೊಂದರ ಮೇಲೆ ಹಿಮದ ಗೋಡೆ ಕುಸಿದು ಹತ್ತು ಮಂದಿ ಯೋಧರನ್ನು ಮುಚ್ಚಿತು. ಅವರಲ್ಲಿ ಮೂವರು ನಮ್ಮ ರಾಜ್ಯದವರು: ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ನಮ್ಮ ಹಾಸನದ ಬಳಿಯ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ್, ಹೆಗ್ಗಡದೇವನಕೋಟೆಯ ಸಿಪಾಯಿ ಪಿ.ಎನ್. ಮಹೇಶ್. ಶೋಧ ತಂಡದ ಸೈನಿಕರು ನಾಯಿಗಳ ನೆರವಿನಿಂದ ಹಗಲಿರುಳು ಹಿಮವನ್ನು ಕಡಿದರು. ಆರು ದಿನ ಹಿಮದ ಅಡಿಯಲ್ಲಿದ್ದ ಹನುಮಂತಪ್ಪ ಜೀವಂತವಾಗಿ ದೊರೆತಾಗ ನಾಡಿಗೆ ನಾಡೇ ಪ್ರಾರ್ಥಿಸಿತು. ಆದರೂ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕಣ್ಣುಮುಚ್ಚಿದರು. ಆಗ ಅವರಿಗೆ 33 ವರ್ಷ. ಮನೆಯಲ್ಲಿ ಇನ್ನೂ ಪುಟ್ಟ ಮಗಳು. ಅವರ ಸಮಾಧಿ ಹುಟ್ಟೂರಾದ ಬೆಟದೂರಿನಲ್ಲಿಯೇ ಆಯಿತು.

ಇಂತಹ ದಿನಗಳಲ್ಲಿ ಊರಿಗೆ ಊರೇ ಬೀದಿಗೆ ಬರುತ್ತದೆ. ಹೂಮಾಲೆಗಳು ರಾಶಿ ಬೀಳುತ್ತವೆ. ಗಣ್ಯರು ಬರುತ್ತಾರೆ, ರಸ್ತೆಗೆ ಹೆಸರು, ವೃತ್ತಕ್ಕೆ ಪ್ರತಿಮೆ, ಉದ್ಯಾನ, ಮನೆಯವರಿಗೆ ನೆರವು ಎಂದು ಹಲವು ಮಾತುಗಳು ಕೊಡಲ್ಪಡುತ್ತವೆ. ಆ ಕ್ಷಣದಲ್ಲಿ ಕೊಟ್ಟ ಮಾತುಗಳೆಲ್ಲ ಮನಸ್ಸಿನಾಳದಿಂದ ಬಂದವೇ ಆಗಿರಬಹುದು. ಆದರೆ ದುಃಖಕ್ಕೆ ಬಂದ ಜನಸಂದಣಿ ಹದಿಮೂರು ದಿನಗಳಲ್ಲಿ ಕರಗುತ್ತದೆ. ಮನೆಯೊಳಗಿನ ಶೂನ್ಯ ಕರಗುವುದಿಲ್ಲ.

ನಮ್ಮ ಹಿರಿಯರು ಇದನ್ನು ಅರಿತಿದ್ದರು. ಅವರು ವೀರಗಲ್ಲನ್ನು ನೆಟ್ಟು ಕೈತೊಳೆದುಕೊಳ್ಳಲಿಲ್ಲ. ಮಡಿದವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಟ್ಟು, ಅದನ್ನು 'ನೆತ್ತರುಗೊಡಗೆ' ಎಂದು ಕರೆದರು. ನೆತ್ತರು ಚೆಲ್ಲಿದುದಕ್ಕೆ ಪ್ರತಿಯಾಗಿ ಕೊಟ್ಟ ನೆಲವೆಂಬುದೇ ಆ ಹೆಸರಿನ ಅರ್ಥ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರಲ್ಲಿ ನಿಲ್ಲಿಸಿದ ಶಾಸನವೊಂದಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ಅದರ ಒಡೆಯನಾದ ಮಣಲೇರನು ನಿಲ್ಲಿಸಿದ ಕಲ್ಲು ಅದು. ಕಲ್ಲಿನ ಜೊತೆಗೆ ಭೂಮಿಯನ್ನೂ ಬಿಟ್ಟಿತು. ಅಷ್ಟೇ ಅಲ್ಲ, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುವುದೆಂದೂ ಅದರಲ್ಲಿಯೇ ಬರೆಯಿಸಲಾಯಿತು.

ಒಂದು ನಾಯಿಯ ನೆನಪಿಗೂ ಹಿರಿಯರು ಕಲ್ಲು, ನೆಲ, ನೋಡಿಕೊಳ್ಳುವವನು ಎಂಬ ಮೂರನ್ನೂ ಒದಗಿಸಿದ್ದರು. ನಾವು ಮನುಷ್ಯನ ನೆನಪಿಗೆ ಮೊದಲನೆಯದನ್ನು ಮಾತ್ರ ಮಾಡಿ ಉಳಿದ ಎರಡನ್ನು ಮರೆಯುತ್ತಿದ್ದೇವೆ. ಉದ್ಘಾಟನೆಯ ದಿನ ಹಸಿರಾಗಿದ್ದ ಹುಲ್ಲು ಬೇಸಗೆಯಲ್ಲಿ ಒಣಗುತ್ತದೆ. ಬೇಲಿ ಮುರಿದು ದನಗಳು ಒಳನುಗ್ಗುತ್ತವೆ. ಪ್ರತಿಮೆಯ ಕೊರಳಿನ ಹಾರ ವರ್ಷಕ್ಕೊಮ್ಮೆ ಮಾತ್ರ ಬದಲಾಗುತ್ತದೆ. ಇಂತಹ ಉದ್ಯಾನದ ಮುಂದಿನಿಂದಲೇ ದಿನವೂ ಸಂತೆಗೋ ಹೊಲಕ್ಕೋ ಹೋಗಬೇಕಾದ ತಾಯಿಯ ಮನಸ್ಸನ್ನು ಒಮ್ಮೆ ಊಹಿಸಿರಿ. ಇಲ್ಲದ ಸ್ಮಾರಕಕ್ಕಿಂತ ಪಾಳುಬಿದ್ದ ಸ್ಮಾರಕವೇ ಅವಳನ್ನು ಹೆಚ್ಚು ನೋಯಿಸುವುದಿಲ್ಲವೆ?

ಆದುದರಿಂದ ಸ್ಮಾರಕ ಉದ್ಯಾನದ ಮಾತೆತ್ತುವ ಊರಿನ ಹಿರಿಯರಲ್ಲಿ ನಮ್ಮ ಕೆಲವು ಬಿನ್ನಹಗಳಿವೆ. ಮೊದಲು ಮನೆಯವರನ್ನು ಕೇಳಿರಿ. ಅವರಿಗೆ ಪ್ರತಿಮೆಗಿಂತ ಊರಿನ ಶಾಲೆಗೊಂದು ವಾಚನಾಲಯವೇ ಹಿತವೆನಿಸಬಹುದು. ಉದ್ಯಾನವೇ ಆಗಲಿ ಎಂದರೆ ಚಿಕ್ಕದಾಗಿ ಮಾಡಿರಿ, ಆದರೆ ಪ್ರತಿವರ್ಷ ಅದರ ನೀರಿಗೆ, ಕೂಲಿಗೆ ಹಣವೆಲ್ಲಿಂದ ಎಂಬುದನ್ನು ಅಡಿಗಲ್ಲಿಗಿಂತ ಮೊದಲೇ ಪಂಚಾಯಿತಿಯಲ್ಲಿ ನಿಶ್ಚಯಿಸಿರಿ. ಅಲಂಕಾರದ ಗಿಡಗಳ ಬದಲು ಹೊಂಗೆ, ಬೇವು, ಸಂಪಿಗೆಗಳನ್ನು ನೆಡಿರಿ. ಬೇರೂರಿದ ಮೇಲೆ ಅವು ಹೆಚ್ಚು ಆರೈಕೆ ಬೇಡದೆ ನೆರಳು ಕೊಡುತ್ತವೆ. ಕಲ್ಲಿನ ಮೇಲೆ ಉದ್ಘಾಟಕರ ಹೆಸರುಗಳಿಗಿಂತ ದೊಡ್ಡ ಅಕ್ಷರಗಳಲ್ಲಿ ಯೋಧನ ಹೆಸರು, ಪಡೆ, ಮಡಿದ ಸ್ಥಳ, ದಿನ ಇವುಗಳನ್ನು ಬರೆಯಿಸಿರಿ. ನೂರು ವರ್ಷಗಳ ಅನಂತರ ಓದುವವನಿಗೆ ಬೇಕಾದುದು ಇಷ್ಟೇ.

ಮನೆಯವರಿಗೆ ಸಲ್ಲಬೇಕಾದ ಸೌಲಭ್ಯಗಳಿಗಾಗಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗಳಿವೆ. ಆದರೆ ಗಂಡನನ್ನೋ ಮಗನನ್ನೋ ಕಳೆದುಕೊಂಡ ಹೆಣ್ಣುಮಗಳು ಕಾಗದಪತ್ರಗಳ ಕಟ್ಟನ್ನು ಹಿಡಿದು ಒಬ್ಬಳೇ ಅಲೆಯಬಾರದು. ಓದುಬಲ್ಲ ನೆರೆಯವರೊಬ್ಬರು ಅವಳ ಜೊತೆಗೆ ಹೋಗಿ ಬರುವುದು ಯಾವ ಹೂಮಾಲೆಗೂ ಕಡಿಮೆಯಲ್ಲ. ಕಾಯಕ, ದಾಸೋಹಗಳ ಹಿರಿಮೆಯನ್ನು ಕೊಂಡಾಡುವ ನಮ್ಮ ಮನೆಗಳಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.

ಕೊನೆಗೆ, ಮಕ್ಕಳ ಮಾತು. ಜುಲೈ 26ರ ಕಾರ್ಗಿಲ್ ವಿಜಯ ದಿನದಂದೋ, ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದಂದೋ ಮಕ್ಕಳನ್ನು ಹತ್ತಿರದ ಸ್ಮಾರಕಕ್ಕೆ ಕರೆದುಕೊಂಡು ಹೋಗಿರಿ. ಭಾಷಣ ಬೇಡ. ಒಂದು ಕೊಡ ನೀರು, ಒಂದು ಪೊರಕೆ ಸಾಕು. ಗಿಡಕ್ಕೆ ನೀರೆರೆದು, ಕಲ್ಲನ್ನು ಒರೆಸಿ, ಅದರ ಮೇಲಿನ ಹೆಸರನ್ನು ಮಗು ಗಟ್ಟಿಯಾಗಿ ಓದಲಿ. ದಾರಿಯಲ್ಲಿ ಕೆರೆಯ ಏರಿಯ ಮೇಲೆ ಹಳೆಯ ವೀರಗಲ್ಲು ಕಂಡರೆ ಅದರ ಮಣ್ಣನ್ನೂ ಕೊಡವಿ ಬನ್ನಿರಿ. ಆ ವೀರನ ಹೆಸರು ಅಳಿದುಹೋಗಿರಬಹುದು. ಅವನು ಕಾಯ್ದ ಊರು ಇನ್ನೂ ಇದೆ, ಅದರಲ್ಲಿ ನಾವಿದ್ದೇವೆ.