ಚಿಪ್ ನಮ್ಮದಾದರೆ ಸಾಲದು

ಭಾರತ ತನ್ನದೇ ಚಿಪ್ ಮಾಡುತ್ತಿದೆ ಎಂಬ ಸುದ್ದಿ ಬಂದಾಗಲೆಲ್ಲ ನಾವು ವಾಟ್ಸಾಪ್ ಸ್ಟೇಟಸ್ ಹಾಕಿ ಖುಷಿಪಡುತ್ತೇವೆ. ಐಐಟಿ ಮದ್ರಾಸಿನ ‘ಶಕ್ತಿ’, ಸಿ-ಡ್ಯಾಕ್ ಸಂಸ್ಥೆಯ ‘ವೇಗಾ’ ಎರಡೂ ರಿಸ್ಕ್-ಫೈವ್ ಎಂಬ ಮಾದರಿಯ ಪ್ರೊಸೆಸರ್‌ಗಳು. 2010ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಈ ಮಾದರಿಯನ್ನು ಬಳಸಲು ಯಾರಿಗೂ ಲೈಸೆನ್ಸ್ ಶುಲ್ಕ ಕಟ್ಟಬೇಕಾಗಿಲ್ಲ. ಕೇಂದ್ರ ಸರ್ಕಾರ 2022ರಲ್ಲಿ ಇದಕ್ಕಾಗಿಯೇ ಒಂದು ಕಾರ್ಯಕ್ರಮ ಆರಂಭಿಸಿತು. ಒಳ್ಳೆಯದೇ. ಆದರೆ ಚಿಪ್ ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದಕ್ಕೆ ಪ್ರೋಗ್ರಾಂ ತಯಾರಿಸಿಕೊಡುವ ಸಾಫ್ಟ್‌ವೇರ್‌ಗಳೂ ಸರಿ ಇರಬೇಕು. ಅವುಗಳ ದೋಷ ಹುಡುಕುವ ಕೆಲಸಕ್ಕೆ ಪಿಯು ವಿದ್ಯಾರ್ಥಿಗಳು, ಅದರಲ್ಲೂ ಕಾಮರ್ಸ್‌ನವರು, ಕೈ ಹಾಕಬೇಕು ಎಂಬುದು ನನ್ನ ಅಭಿಪ್ರಾಯ.

ಅಂಥ ಸಾಫ್ಟ್‌ವೇರ್‌ಗಳಲ್ಲಿ ಒಂದು ಲಿಂಕರ್. ದೊಡ್ಡ ಪ್ರೋಗ್ರಾಂ ಅನ್ನು ಹಲವು ಫೈಲ್‌ಗಳಲ್ಲಿ ಬರೆಯುತ್ತಾರೆ. ಒಂದು ಫೈಲ್ ಇನ್ನೊಂದರಲ್ಲಿರುವ ಫಂಕ್ಷನ್ ಅನ್ನು ಕರೆಯುವ ಜಾಗದಲ್ಲಿ ವಿಳಾಸ ಖಾಲಿ ಇರುತ್ತದೆ. ಲಿಂಕರ್ ಎಲ್ಲ ಫೈಲ್‌ಗಳನ್ನು ಜೋಡಿಸಿ, ಯಾವುದು ಎಲ್ಲಿ ಕೂರಬೇಕೆಂದು ನಿಗದಿ ಮಾಡಿ, ಖಾಲಿ ಬಿಟ್ಟ ವಿಳಾಸಗಳನ್ನು ತುಂಬುತ್ತದೆ. ಅಕೌಂಟೆನ್ಸಿ ಓದುವವರಿಗೆ ಇದು ಹೊಸದಲ್ಲ. ಜರ್ನಲ್‌ನಲ್ಲಿ ಎಲ್.ಎಫ್. ಕಾಲಂ ಖಾಲಿ ಬಿಟ್ಟು, ಲೆಡ್ಜರ್‌ಗೆ ಪೋಸ್ಟಿಂಗ್ ಮಾಡಿದ ಮೇಲೆ ಪುಟ ಸಂಖ್ಯೆ ಬರೆಯುತ್ತೇವಲ್ಲ, ಅದೇ ಕೆಲಸ.

ರಿಸ್ಕ್-ಫೈವ್‌ನಲ್ಲಿ ದೂರದ ಫಂಕ್ಷನ್ ಕರೆಯಲು ಎರಡು ಆದೇಶ ಬೇಕು, ಒಟ್ಟು 8 ಬೈಟ್. ಆ ಫಂಕ್ಷನ್ ಹಿಂದೆ ಅಥವಾ ಮುಂದೆ ಸುಮಾರು 1 ಎಂಬಿ ಒಳಗಿದ್ದರೆ 4 ಬೈಟ್‌ನ ಒಂದೇ ಆದೇಶ ಸಾಕು. ಹಾಗಾಗಿ ಲಿಂಕರ್ ದೂರ ಅಳೆದು, ಹತ್ತಿರವಿದ್ದರೆ ಎರಡನ್ನು ಒಂದು ಮಾಡುತ್ತದೆ. ಇದನ್ನು ರಿಲ್ಯಾಕ್ಸೇಶನ್ ಎನ್ನುತ್ತಾರೆ. ತೊಡಕು ಬರುವುದು ಇಲ್ಲೇ. ಪ್ರೋಗ್ರಾಂನ ಕೆಲವು ಭಾಗಗಳು 16ರಂಥ ಸಂಖ್ಯೆಯ ಗುಣಕದಲ್ಲೇ ಶುರುವಾಗಬೇಕು. ಅದಕ್ಕಾಗಿ ನಡುವೆ ಖಾಲಿ ಬೈಟ್ ತುಂಬಬೇಕಾಗುತ್ತದೆ. ಲಿಂಕರ್ ಮೊದಲು ಅಳೆದಾಗ ಫಂಕ್ಷನ್ ಮಿತಿಯ ಅಂಚಿನಲ್ಲಿ, ಒಳಗೇ ಇತ್ತು. ಆಮೇಲೆ ತುಂಬಿದ ಬೈಟ್‌ಗಳಿಂದ ಅದು ಮಿತಿ ದಾಟಿತು. ಅಷ್ಟರಲ್ಲಿ ಆದೇಶ ಚಿಕ್ಕದಾಗಿಬಿಟ್ಟಿದೆ, ವಿಳಾಸ ಅದರಲ್ಲಿ ಹಿಡಿಸುವುದಿಲ್ಲ. ಎರಡೇ ಅಂಕಿ ಹಿಡಿಸುವ ಎಲ್.ಎಫ್. ಕಾಲಂ ಇದೆ ಎಂದುಕೊಳ್ಳಿ. ಖಾತೆ 99ನೇ ಪುಟದಲ್ಲಿತ್ತು. ನಡುವೆ ಒಂದು ಹಾಳೆ ಸೇರಿಸಿದ್ದರಿಂದ ಅದು ಮೂರಂಕಿಯ ಪುಟಕ್ಕೆ ಹೋಯಿತು. ಈಗ ಎಲ್ಲಿ ಬರೆಯುವುದು?

ಉಚಿತವಾಗಿ ಸಿಗುವ ಗ್ನೂ ಲಿಂಕರ್‌ನಲ್ಲಿ ಇದಕ್ಕೆ ಇರುವ ಪರಿಹಾರ ಸರಳ. ದೂರ ಅಳೆಯುವಾಗಲೇ, ಮುಂದೆ ಹೆಚ್ಚೆಂದರೆ ಎಷ್ಟು ಖಾಲಿ ಬೈಟ್ ಸೇರಬಹುದೋ ಅಷ್ಟನ್ನು ಕೂಡಿಸಿಕೊಂಡು, ಆಮೇಲೆ ತೀರ್ಮಾನಿಸುವುದು. ವ್ಯಾಪಾರದಲ್ಲಿ ಮುಂದೆ ಬರಬಹುದಾದ ನಷ್ಟಕ್ಕೆ ಮೊದಲೇ ಪ್ರಾವಿಷನ್ ಇಡುವ ಹಾಗೆ. ಕೆಲವೇ ಸಾಲುಗಳ ಕೋಡ್, ಆದರೆ ಅದಿಲ್ಲದಿದ್ದರೆ ಪ್ರೋಗ್ರಾಂ ಲಿಂಕ್ ಆಗದೆ ನಿಂತುಬಿಡುತ್ತದೆ.

ರಿಲ್ಯಾಕ್ಸೇಶನ್ ಅನ್ನೇ ಆಫ್ ಮಾಡಿದರೆ ಆಗದೇ ಎಂದು ಕೇಳಬಹುದು. ಆಗುತ್ತದೆ, ಅದಕ್ಕೊಂದು ಆಯ್ಕೆಯೂ ಇದೆ. ಆದರೆ ಅದು ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟ್‌ಗೆ ಹಾಕಿದಂತೆ. ಅಂದಿನ ಕೆಲಸ ಮುಂದೆ ಹೋಗುತ್ತದೆ, ತಪ್ಪು ಇದ್ದಲ್ಲೇ ಇರುತ್ತದೆ.

ನಮ್ಮ ಲ್ಯಾಬ್‌ನಲ್ಲಿರುವಂಥ ಇಂಟೆಲ್ ಮಾದರಿಯ ಕಂಪ್ಯೂಟರ್‌ಗಳನ್ನು ಕೋಟ್ಯಂತರ ಜನ ಬಳಸುತ್ತಾರೆ. ಅಲ್ಲಿ ದೋಷ ಬಂದರೆ ಯಾರಾದರೂ ಬೇಗ ಹೇಳುತ್ತಾರೆ. ಕಡಿಮೆ ಜನ ಬಳಸುವುದರಲ್ಲಿ ದೋಷ ಬಂದರೆ ಆ ಕಡಿಮೆ ಜನರೇ ಬಾಯಿ ಬಿಡಬೇಕು. ಉರ್ದು ಮಾತಾಡುವ ಮನೆಯವಳಾದ ನನಗೆ ಇದು ಚೆನ್ನಾಗಿ ಗೊತ್ತು. ನಮ್ಮ ದಾದಿ ಓದಲು ಕಲಿತದ್ದು ನಸ್ತಾಲೀಕ್ ಬರಹ. ಆದರೆ ಎಷ್ಟೋ ಫೋನ್‌ಗಳಲ್ಲಿ ಉರ್ದು ಕಾಣುವುದು ಅರಬ್ಬಿಯ ನಸ್ಖ್ ಅಕ್ಷರದಲ್ಲಿ. ಒಂದು ಕಾಲದಲ್ಲಿ ಕಂಪ್ಯೂಟರ್‌ನಲ್ಲಿ ಕನ್ನಡದ ಒತ್ತಕ್ಷರಗಳೂ ಚೆಲ್ಲಾಪಿಲ್ಲಿಯಾಗುತ್ತಿದ್ದವು. ಕನ್ನಡ ಬಳಸುವವರು ಸುಮ್ಮನೆ ಕೂತಿದ್ದರೆ ಅದು ಇವತ್ತಿಗೂ ಸರಿಯಾಗುತ್ತಿರಲಿಲ್ಲ.

ಇಂದು ಅಪರೂಪವಾದದ್ದು ಎಂದೆಂದಿಗೂ ಅಪರೂಪವಾಗಿರಬೇಕಿಲ್ಲ. 2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಎನ್‌ಕೋರ್ ಕಂಪನಿಯವರ ಜೊತೆ ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈ ಕಂಪ್ಯೂಟರ್ ಮಾಡಿದರು. ಅಂದು ಲಿನಕ್ಸ್ ಬಳಸುವವರಲ್ಲಿ ಹೆಚ್ಚಿನವರ ಬಳಿ ಇದ್ದದ್ದು ಇಂಟೆಲ್ ಮಾದರಿಯ ಪಿಸಿ. ಸಿಂಪ್ಯೂಟರ್‌ನವರು ಆರಿಸಿಕೊಂಡದ್ದು ಆರ್ಮ್ ಮಾದರಿಯ ಪ್ರೊಸೆಸರ್ ಮತ್ತು ಲಿನಕ್ಸ್. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ. ಆದರೆ ಇಂದು ನಮ್ಮ ಕೈಯಲ್ಲಿರುವ ಬಹುತೇಕ ಎಲ್ಲ ಮೊಬೈಲ್‌ಗಳಲ್ಲೂ ಇರುವುದು ಆರ್ಮ್ ಪ್ರೊಸೆಸರ್.

‘ನಮಗೆ ಸಿಎ ಫೌಂಡೇಶನ್ ಓದುವುದೇ ಸಾಕಾಗಿದೆ, ಇದೆಲ್ಲ ಎಂಜಿನಿಯರ್‌ಗಳ ಕೆಲಸ’ ಎಂದು ಗೆಳತಿಯರು ಹೇಳುತ್ತಾರೆ. ಕೋಡ್ ತಿದ್ದುವುದು ಎಂಜಿನಿಯರ್‌ಗಳ ಕೆಲಸವೇ ಇರಬಹುದು. ಆದರೆ ತಿದ್ದುವ ಮೊದಲು ಯಾರೋ ಒಬ್ಬರು ದೋಷವನ್ನು ಸರಿಯಾಗಿ ವರದಿ ಮಾಡಿರಬೇಕು. ಯಾವ ಆವೃತ್ತಿ, ದೋಷ ಕಾಣಿಸುವ ಅತಿ ಚಿಕ್ಕ ಪ್ರೋಗ್ರಾಂ ಯಾವುದು, ಏನು ಬರಬೇಕಿತ್ತು, ಏನು ಬಂತು ಎಂದು ಬರೆಯುವುದೇ ವರದಿ. ಎಂಟ್ರಿ ಎಂಟ್ರಿಯಾಗಿ ಹಿಂದಕ್ಕೆ ಹೋಗಿ ತಪ್ಪು ಹಿಡಿಯುವ ಅಭ್ಯಾಸ ನಮಗಿಂತ ಯಾರಿಗಿದೆ?

ಸೋಮನಾಥಪುರದ ನಮಗೆ ಕೇಶವ ದೇವಾಲಯದ ಮಲ್ಲಿತಮ್ಮನ ಹೆಸರು ಗೊತ್ತು. 13ನೇ ಶತಮಾನದ ಆ ಶಿಲ್ಪಿ ತಾನು ಕೆತ್ತಿದ ಮೂರ್ತಿಗಳ ಮೇಲೆ ಹೆಸರು ಬಿಟ್ಟುಹೋಗಿದ್ದಾನೆ. ಇಂಥ ಮುಕ್ತ ಸಾಫ್ಟ್‌ವೇರ್‌ಗಳಲ್ಲೂ ಯಾರು ಏನು ತಿದ್ದಿದರು ಎಂಬುದು ಹೆಸರಿನೊಂದಿಗೆ ದಾಖಲಾಗುತ್ತದೆ. ಅಲ್ಲಿ ಜಾತಿ, ಮತ, ಊರು, ಅಂಕಪಟ್ಟಿ ಯಾವುದನ್ನೂ ಕೇಳುವುದಿಲ್ಲ.

ಪ್ರಾಂಶುಪಾಲರಲ್ಲಿ ಮತ್ತು ಕಂಪ್ಯೂಟರ್ ಸೈನ್ಸ್ ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ. ಶನಿವಾರ ತರಗತಿ ಮುಗಿದ ಮೇಲೆ ಒಂದು ಗಂಟೆ ಲ್ಯಾಬ್ ತೆರೆದಿಡಿ. ಎರಡು ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿಸಿಕೊಡಿ. ಹೊಸ ಬೋರ್ಡ್ ಕೊಳ್ಳಬೇಕಾಗಿಲ್ಲ. ಸಾಮಾನ್ಯ ಪಿಸಿಯಲ್ಲೇ ರಿಸ್ಕ್-ಫೈವ್ ಪ್ರೋಗ್ರಾಂ ಓಡಿಸುವ ಕ್ಯೂಎಮು ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಕಾಮರ್ಸ್, ಸೈನ್ಸ್ ಎರಡೂ ವಿಭಾಗದವರು ಒಟ್ಟಿಗೆ ಕೂರೋಣ. ಈ ವರ್ಷ ಒಂದೇ ಒಂದು ದೋಷವನ್ನು ಸರಿಯಾಗಿ ವರದಿ ಮಾಡಿದರೂ ಆ ಸಮಯ ವ್ಯರ್ಥವಾಗುವುದಿಲ್ಲ.