ಒಂದು ಜಾಯಿಂಟ್ ಕೊಯ್ದು ನೋಡೋಣ

ಭಾನುವಾರ ಬೆಳಗ್ಗೆ ಚಿಕ್ಕಜಾಲದ ಕೋಟೆ ಹತ್ರ ಬಳ್ಳಾರಿ ರಸ್ತೆಯಲ್ಲಿ ನಿಂತರೆ, ನಂದಿ ಬೆಟ್ಟಕ್ಕೆ ಹೊರಟ ಸೈಕಲ್‌ಗಳ ಸಾಲು ಕಾಣುತ್ತೆ. ಹೆಚ್ಚಿನವು ಅಲ್ಯೂಮಿನಿಯಂ ಇಲ್ಲಾ ಕಾರ್ಬನ್. ಸ್ಟೇನ್‌ಲೆಸ್ ಸ್ಟೀಲ್ ಫ್ರೇಮ್ ಅಪರೂಪ. ಆದರೆ ಮೆಕ್ಯಾನಿಕಲ್ ಓದೋರಿಗೆ ಅದರಷ್ಟು ಒಳ್ಳೆ ಪಾಠ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ನಮ್ಮ ವರ್ಕ್‌ಶಾಪ್‌ನಲ್ಲಿ ಪ್ರತಿಯೊಬ್ಬರೂ ಒಂದು ಸ್ಟೇನ್‌ಲೆಸ್ ಟ್ಯೂಬ್ ಜಾಯಿಂಟನ್ನು ಬೆಳ್ಳಿ ಬ್ರೇಜಿಂಗ್ ಮಾಡಬೇಕು. ಆಮೇಲೆ ಅದನ್ನ ಹ್ಯಾಕ್ಸಾದಲ್ಲಿ ಕೊಯ್ದು, ಒಳಗೆ ನೋಡಿ ಮಾರ್ಕ್ಸ್ ಕೊಡಬೇಕು.

ವೆಲ್ಡಿಂಗ್‌ನಲ್ಲಿ ಎರಡೂ ತುಂಡುಗಳ ಅಂಚು ಕರಗಿ ಒಂದಾಗುತ್ತೆ. ಬ್ರೇಜಿಂಗ್‌ನಲ್ಲಿ ಟ್ಯೂಬ್ ಕರಗೋದೇ ಇಲ್ಲ. ಮಧ್ಯದ ಸಣ್ಣ ಸಂದಿಯೊಳಗೆ ಇನ್ನೊಂದು ಲೋಹ ಕರಗಿ ಹರಿಯುತ್ತೆ. ತಾತನ ಕಾಲದ ಸೈಕಲ್ ಇದ್ದರೆ ಹ್ಯಾಂಡಲ್ ಕೆಳಗೆ ನೋಡಿ: ಟ್ಯೂಬ್‌ಗಳು ಬಂದು ಕೂರುವ ತೋಳಿನಂಥ ಭಾಗವೇ ಲಗ್. ಅಲ್ಲಿ ಸಾಮಾನ್ಯವಾಗಿ ಹಿತ್ತಾಳೆ ಹರಿಸುತ್ತಿದ್ದರು, ಅದಕ್ಕೆ ಸುಮಾರು 900 ಡಿಗ್ರಿ ಬೇಕು. 56% ಬೆಳ್ಳಿ ಇರುವ ರಾಡ್ 618 ಡಿಗ್ರಿಗೆ ಕರಗಲು ಶುರುವಾಗಿ 652ಕ್ಕೆ ಪೂರ್ತಿ ನೀರಾಗುತ್ತೆ. ರೇನಾಲ್ಡ್ಸ್ 953ರಂಥ ಸ್ಟೇನ್‌ಲೆಸ್ ಟ್ಯೂಬ್‌ನ ಗೋಡೆ ಮಧ್ಯದಲ್ಲಿ ಅರ್ಧ ಮಿಲಿಮೀಟರ್‌ಗಿಂತ ತೆಳು. ಅಷ್ಟು ತೆಳುವಾದದ್ದಕ್ಕೆ ಶಾಖ ಕಡಿಮೆ ಆದಷ್ಟೂ ಒಳ್ಳೇದು.

ಹಾಗಂತ ಇದು ಸುಲಭ ಅಲ್ಲ. ಮೊದಲನೇ ತಲೆನೋವು ಕ್ರೋಮಿಯಂ ಆಕ್ಸೈಡ್. ಸ್ಟೇನ್‌ಲೆಸ್‌ಗೆ ತುಕ್ಕು ಹಿಡಿಯದಂತೆ ಕಾಯುವ ಈ ಪೊರೆಯೇ ಬೆಳ್ಳಿ ಅಂಟಿಕೊಳ್ಳದಂತೆ ತಡೆಯುತ್ತೆ. ಅದನ್ನ ಕರಗಿಸೋಕೆ ಫ್ಲಕ್ಸ್ ಬೇಕು. ಅಕ್ಕಸಾಲಿಗರ ಬಿಳಿಗಾರ ಮಾಡುವುದೂ ಇದೇ ಕೆಲಸ, ಆದರೆ ಸ್ಟೇನ್‌ಲೆಸ್‌ಗೆ ಬಿಳಿಗಾರ ಒಂದೇ ಸಾಲದು. ಫ್ಲೋರೈಡ್ ಸೇರಿದ ಫ್ಲಕ್ಸ್ ಹಾಕ್ತಾರೆ, ಹೆಚ್ಚು ಹೊತ್ತು ಕಾಯಿಸಬೇಕಾದರೆ ಬೋರಾನ್ ಬೆರೆಸಿದ ಕಪ್ಪು ಫ್ಲಕ್ಸ್. ಜಾಸ್ತಿ ಕಾಯಿಸಿದರೆ ಫ್ಲಕ್ಸ್ ಸುಸ್ತಾಗುತ್ತೆ, ಪೊರೆ ಮತ್ತೆ ಕಟ್ಟುತ್ತೆ. ಆಮೇಲೆ ಎಷ್ಟು ರಾಡ್ ಕರಗಿಸಿದರೂ ಅದು ಮಣಿ ಮಣಿಯಾಗಿ ಉರುಳಿ ಹೋಗುತ್ತೆ.

ಎರಡನೇದು ಫಿಟ್ಟಿಂಗ್. ಫಸ್ಟ್ ಇಯರ್‌ನಲ್ಲಿ ವಿ-ಫಿಟ್ ಮಾಡೆಲನ್ನ ಫೈಲ್ ಉಜ್ಜಿ ಉಜ್ಜಿ ಕೈ ನೋಯಿಸಿಕೊಂಡಾಗ "ಇದು ಯಾವ ಕಾಲಕ್ಕೆ ಬರುತ್ತೆ?" ಅಂತ ಎಲ್ಲರೂ ಕೇಳಿದ್ದೇವೆ. ಇಲ್ಲಿಗೆ ಬರುತ್ತೆ. ಬೆಳ್ಳಿ ಹರಿಯೋಕೆ ಸಂದಿ ಸುಮಾರು 0.05ರಿಂದ 0.12 ಮಿ.ಮೀ. ಒಳಗಿರಬೇಕು. ಸಂದಿ ದೊಡ್ಡದಾದರೆ ಕ್ಯಾಪಿಲರಿ ಎಳೆತ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತೆ. ಪೂರಾ ಬಿಗಿಯಾಗಿ ಹೊಡೆದು ಕೂರಿಸಿದರೆ ಬೆಳ್ಳಿಗೆ ದಾರಿಯೇ ಇಲ್ಲ.

ಮೂರನೇದು ನಾವು ಲೆಕ್ಕ ಮಾಡಿದರೂ ಕಣ್ಣಾರೆ ಕಾಣದ ವಿಷಯ. 25.4 ಮಿ.ಮೀ. ವ್ಯಾಸದ 304 ಪೈಪು, ಅದರ ಮೇಲೆ ಅದೇ ಲೋಹದ ಸ್ಲೀವ್, ಸುತ್ತ 0.08 ಮಿ.ಮೀ. ಸಂದಿ ಅಂದುಕೊಳ್ಳಿ. ಜ್ವಾಲೆ ಹೊರಗಿನ ಸ್ಲೀವ್‌ಗೆ ಮೊದಲು ತಾಗುತ್ತೆ. 304ರ ಉಷ್ಣವಾಹಕತೆ ಮೈಲ್ಡ್ ಸ್ಟೀಲ್‌ನ ಮೂರನೇ ಒಂದು ಭಾಗದಷ್ಟೇ, ಹಾಗಾಗಿ ಒಳಗಿನ ಪೈಪು ತಣ್ಣಗೇ ಉಳಿಯುತ್ತೆ. ವ್ಯತ್ಯಾಸ 300 ಡಿಗ್ರಿ ಆಯಿತು ಅನ್ನಿ. ಹಿಗ್ಗುವ ಗುಣಾಂಕ ಡಿಗ್ರಿಗೆ ಹತ್ತು ಲಕ್ಷದಲ್ಲಿ 17. ಗುಣಿಸಿದರೆ ವ್ಯಾಸದಲ್ಲಿ 0.13, ಅಂದರೆ ಒಂದೊಂದು ಬದಿಗೆ 0.065 ಮಿ.ಮೀ. ಕಷ್ಟಪಟ್ಟು ಇಟ್ಟ ಸಂದಿ ಹತ್ತಿರ ಹತ್ತಿರ ಡಬಲ್! ಅದಕ್ಕೇ ಕೆಲಸ ಗೊತ್ತಿರೋರು ಮೊದಲು ಒಳಗಿನ ಟ್ಯೂಬ್ ಕಾಯಿಸಿ ಆಮೇಲೆ ಲಗ್‌ಗೆ ಬರ್ತಾರೆ, ಜ್ವಾಲೆಯನ್ನ ಒಂದೇ ಕಡೆ ನಿಲ್ಲಿಸಲ್ಲ. ಮೆಟೀರಿಯಲ್ ಸೈನ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್, ಹೀಟ್ ಟ್ರಾನ್ಸ್‌ಫರ್ ಅಂತ ಬೇರೆ ಬೇರೆ ಪುಸ್ತಕದಲ್ಲಿ ಓದೋ ಮೂರೂ ಇಲ್ಲಿ ಒಂದೇ ನಿಮಿಷದಲ್ಲಿ ಒಟ್ಟಿಗೆ ನಡೆಯುತ್ತೆ.

ಕೊಯ್ದು ನೋಡಿ ಅಂತ ಹೇಳೋದು ಯಾಕೆ? ಹೊರಗಿನ ಅಂಚು ಸುತ್ತ ಬೆಳ್ಳಿ ಗೆರೆ ಚೆನ್ನಾಗಿ ಮಿಂಚುತ್ತಿದ್ದರೂ ಒಳಗೆ ಅರ್ಧ ಖಾಲಿ ಇರಬಹುದು. ಖಾಲಿ ಜಾಗದಲ್ಲಿ ಸಿಕ್ಕಿಹಾಕಿಕೊಂಡ ಫ್ಲಕ್ಸ್ ನಿಧಾನಕ್ಕೆ ಲೋಹ ತಿನ್ನುತ್ತೆ. ನಂದಿ ಬೆಟ್ಟದ ತಿರುವುಗಳಲ್ಲಿ ಬ್ರೇಕ್ ಹಿಡಿದು ಇಳಿಯೋನಿಗೆ ಹೊರಗಿನ ಮಿಂಚಿನಿಂದ ಏನು ಪ್ರಯೋಜನ? ಆದರೆ ಲ್ಯಾಬ್‌ಗಳಲ್ಲಿ ಮಾರ್ಕ್ಸ್ ಬರೋದು ಹೊರಗಿನ ನೋಟಕ್ಕೆ, ನೀಟಾದ ರೆಕಾರ್ಡ್ ಬುಕ್‌ಗೆ. ಕೊಯ್ದ ಜಾಯಿಂಟ್ ಮುಂದೆ ಯಾರ ರೆಕಾರ್ಡ್ ಕಾಪಿ ಹೊಡೆದರೂ ನಡೆಯಲ್ಲ.

"ಟಿಗ್ ವೆಲ್ಡಿಂಗ್ ಇದೆಯಲ್ಲಾ, ಬೆಳ್ಳಿ ಯಾಕೆ?" ಅಂತ ಕೇಳಬಹುದು. ನಿಜ, ಎಷ್ಟೋ ಸ್ಟೇನ್‌ಲೆಸ್ ಫ್ರೇಮ್‌ಗಳನ್ನ ಟಿಗ್‌ನಲ್ಲೇ ಮಾಡ್ತಾರೆ. ನಾನು ಕೇಳ್ತಿರೋದು ಫ್ಯಾಕ್ಟರಿಗಲ್ಲ, ಕಲಿಕೆಗೆ. ಇನ್ನು ಖರ್ಚು. 25.4 ಮಿ.ಮೀ. ಪೈಪು, 20 ಮಿ.ಮೀ. ಉದ್ದದ ಸ್ಲೀವ್, 0.1 ಸಂದಿ ಅಂದರೆ ತುಂಬಬೇಕಾದ ಜಾಗ 160 ಘನ ಮಿ.ಮೀ. ತೂಕ ಒಂದೂವರೆ ಗ್ರಾಂ, ಅದರಲ್ಲಿ ಶುದ್ಧ ಬೆಳ್ಳಿ ಒಂದು ಗ್ರಾಂ ಕೂಡ ಇಲ್ಲ. ವೇಸ್ಟ್ ಆಗೋದು ಸೇರಿಸಿ ಎರಡು ಪಟ್ಟು ಹಿಡಿದರೂ ಫೆಸ್ಟ್‌ನ ಫ್ಲೆಕ್ಸ್ ಬ್ಯಾನರ್ ಮುಂದೆ ಇದು ದೊಡ್ಡ ಮಾತಲ್ಲ.

ಎಚ್ಚರಿಕೆ ಮಾತ್ರ ಬೇಕೇ ಬೇಕು. ಕ್ಯಾಡ್ಮಿಯಂ ಇರೋ ಹಳೇ ಬೆಳ್ಳಿ ರಾಡ್ ಮುಟ್ಟಲೇಬಾರದು, ಅದರ ಹೊಗೆ ವಿಷ. ಫ್ಲೋರೈಡ್ ಫ್ಲಕ್ಸ್‌ನ ಹೊಗೆಯೂ ಒಳ್ಳೇದಲ್ಲ, ಗಾಳಿ ಆಡೋ ಜಾಗ ಬೇಕು. ಎಸಿ ಮೆಕ್ಯಾನಿಕ್‌ಗಳು ತಾಮ್ರದ ಪೈಪಿಗೆ ಬಳಸೋ ರಂಜಕದ ರಾಡ್ ಇಲ್ಲಿ ಬೇಡ, ಸ್ಟೀಲ್ ಜೊತೆ ಸೇರಿದರೆ ಜಾಯಿಂಟ್ ಪೆಡಸಾಗುತ್ತೆ. ಆದರೆ ಆ ಮೆಕ್ಯಾನಿಕ್‌ನ ಕೈ ನಮಗೆ ಬೇಕು. ಜ್ವಾಲೆ ಎಲ್ಲಿಡಬೇಕು, ರಾಡ್ ಯಾವಾಗ ತಾಗಿಸಬೇಕು ಅನ್ನೋದನ್ನ ದಿನಾ ಮಾಡೋರು ಅವರೇ. ಅಂಥ ಒಬ್ಬರನ್ನು, ಒಬ್ಬ ಅಕ್ಕಸಾಲಿಗರನ್ನು ಗೆಸ್ಟ್ ಲೆಕ್ಚರ್‌ಗೆ ಕರೆದು, ಗೌರವಧನ ಕೊಟ್ಟು, ಅವರ ಪಕ್ಕ ನಿಂತು ಕಲಿಯೋಣ.

ಇಂಟರ್ನಲ್ಸ್ ಮುಗಿದ ಮೇಲಿನ ಒಂದು ಶನಿವಾರ ಸಾಕು. ಗ್ರಿಲ್ ಶಾಪ್‌ನಿಂದ ರೇಲಿಂಗ್ ಪೈಪಿನ ತುಂಡು ತರೋಣ, ಸ್ಲೀವನ್ನ ನಮ್ಮ ಲೇತ್‌ನಲ್ಲೇ ಮಾಡೋಣ. ವರ್ಕ್‌ಶಾಪ್ ಸರ್ ಹತ್ರ ಪರ್ಮಿಷನ್ ಕೇಳೋಕೆ ಹತ್ತು ಹೆಸರಾದರೂ ಬೇಕು. ಬರೋರು ಕನ್ನಡ ಸಂಘದ ಗ್ರೂಪ್‌ನಲ್ಲಿ ಹೆಸರು, ಸೆಕ್ಷನ್ ಹಾಕಿ. ಸಿವಿಲ್, ಇಸಿ, ಸಿಎಸ್‌ನವರೂ ಬನ್ನಿ, ಹ್ಯಾಕ್ಸಾ ಹಿಡಿಯೋಕೆ ಬ್ರಾಂಚ್ ಬೇಕಾಗಿಲ್ಲ.